ಮೂರು ಕೆಂಪು ಗಂಟು

ತಿಪ್ಪೇಶ, ಕಟಕಟೆಯಲ್ಲಿ ನಿಂತು ನಾನು ಹೇಳಿದ ಆ ‘ಇಲ್ಲ’ ಸುಳ್ಳು. ಮೂರು ಗಂಟಿನ ಕಂಬಳಿ ಇನ್ನೊಂದಿತ್ತು — ನನ್ನ ಮನೆಯಲ್ಲೇ, ನನ್ನ ತಮ್ಮ ಮಲ್ಲೇಶನ ಹೆಗಲ ಮೇಲೆ.

ನಿನಗೆ ಗೊತ್ತಲ್ಲ, ಕುರಿಹಟ್ಟಿಯಲ್ಲಿ ಅದಲುಬದಲಾಗದಿರಲೆಂದು ಕಂಬಳಿ ನೇಯುವ ನಾವು ಮನೆಗೊಂದು ಗುರುತು ಹಾಕುತ್ತೇವೆ. ನಿನ್ನದು ಅಂಚಿನಲ್ಲಿ ಮೂರು ಕೆಂಪು ಗಂಟು. ಒಬ್ಬರ ಗುರುತು ಇನ್ನೊಬ್ಬರಿಗೆ ಹಾಕಬಾರದು, ಇದು ನಮ್ಮಪ್ಪನ ಕಾಲದ ಕಟ್ಟಳೆ. ಮಲ್ಲೇಶ ತನಗೂ ಅದೇ ಬೇಕೆಂದು ಜೀವ ತಿಂದ. ತಮ್ಮನಲ್ಲವೇ, ಹಾಕಿಕೊಟ್ಟೆ.

ಚಳ್ಳಕೆರೆಯ ಶೇಂಗಾ ಗೋದಾಮಿಗೆ ಕನ್ನ ಕೊರೆಯುವಾಗ ಒಬ್ಬ ಸಿಕ್ಕಿಬಿದ್ದ. ಜೊತೆಗಿದ್ದವನು ಗೋಡೆಯ ಬುಡದಲ್ಲಿ ಕಂಬಳಿ ಬಿಟ್ಟು ಓಡಿದ್ದ. ಸಿಕ್ಕವನು ಅವನ ಹೆಸರು ಬಾಯಿಬಿಡಲಿಲ್ಲ. ಪೊಲೀಸರು ಆ ಕಂಬಳಿ ಹಿಡಿದು ನನ್ನ ಮಗ್ಗದ ಹತ್ತಿರ ಬಂದಾಗ, ಮಲ್ಲೇಶ ಕಂಬಳಿ ತೂಗುಹಾಕುವ ಗೂಟ ನೋಡಿದೆ — ಖಾಲಿ. ಬಾಯಿಗೆ ಬಂದದ್ದು ನಿನ್ನ ಹೆಸರು.

ಕೋರ್ಟಿನಲ್ಲಿ ನೀನು ಕೈಮುಗಿದು, “ನನ್ ಕಂಬ್ಳಿ ನಮ್ಮಪ್ಪನ ಜೊತೆ ಮಣ್ಣಾಗೈತೆ ಸ್ವಾಮಿ. ಗುಂಡಿಗಿಳಿದು ಹಾಸಿದ್ದೇ ಈ ಓಬಣ್ಣ, ಕೇಳ್ರಿ” ಎಂದೆ. ನಿನ್ನ ವಕೀಲರು ಕೇಳಿದರು. ಹಾಸಿದ್ದು ಹೌದು, ಯಾವ ಕಂಬಳಿಯೋ ಗಮನಿಸಲಿಲ್ಲ ಎಂದೆ ನಾನು. ಇಂಥ ಗಂಟು ಬೇರೆ ಯಾರಿಗಾದರೂ ಹಾಕಿದ್ದೀರಾ ಎಂದರು. ಇಲ್ಲ ಎಂದೆ.

ನಿನ್ನ ನೆಂಟರೂ ಕಂಬಳಿ ಹೂತದ್ದು ನಿಜವೆಂದಿದ್ದರಿಂದ, ಅನುಮಾನ ಉಳಿಯಿತೆಂದು ಅಲ್ಲಿ ನಿನ್ನನ್ನು ಬಿಟ್ಟರು. ಅಬ್ಬಾ, ಬಚಾವಾದೆ ಎಂದುಕೊಂಡೆ — ನೀನಲ್ಲ, ನಾನು! ಸರ್ಕಾರ ಮೇಲ್ಮನವಿ ಹಾಕಿತು. ಮೇಲಿನ ಕೋರ್ಟು ನೆಂಟರ ಮಾತು ಬದಿಗಿಟ್ಟು, ನೇಯ್ದವನ ಮಾತೇ ಸಾಕು ಎಂದಿತು. ನನ್ನ ಒಂದು ‘ಇಲ್ಲ’ದಿಂದ ಕಳ್ಳನ ಜೊತೆಗಾರ ನೀನೇ ಎಂದು ಸಾಬೀತಾಯಿತು. ಎರಡು ವರ್ಷ ಜೈಲು. ಆ ತೀರ್ಪಿಗೆ ಮೊದಲು ಒಮ್ಮೆ ನಿನ್ನ ವಕೀಲರ ಮನೆ ಬಾಗಿಲಿನವರೆಗೆ ಹೋಗಿದ್ದೆ... ಕದ ತಟ್ಟಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ಜೈಲಿನಿಂದ ಬಂದ ಮೇಲೆ ನೀನು ನಿಮ್ಮೂರು ಬಿ.ಜಿ. ಕೆರೆಯಿಂದ ನನ್ನ ಮಗ್ಗ ಹುಡುಕಿಕೊಂಡು ಬಂದೆ. “ಓಬಣ್ಣ, ಒಂದ್ ಕಂಬ್ಳಿ ನೇಯ್ದುಕೊಡು. ಹಳೇ ಗಂಟೇ ಹಾಕು.” ನೇಯ್ದೆ. ಗಂಟು ಹಾಕಲು ಮಾತ್ರ ಕೈ ಬರಲಿಲ್ಲ — ಬರಿಯ ಅಂಚಿನದೇ ಕೊಟ್ಟೆ. ನೀನು ಅಂಚು ತಿರುವಿ ನೋಡಿ, ಮಡಚಿ ಹೆಗಲಿಗೆ ಹಾಕಿಕೊಂಡು ಹೋದೆ. ಗಂಟೆಲ್ಲಿ ಎಂದು ಒಂದು ಮಾತು ಕೇಳಬಾರದಿತ್ತೇ...

ತಮ್ಮನಿಗಾಗಿ ಮಾಡಿದೆ ಎಂದು ಹೇಳಲಾರೆ. ಮಗ್ಗದ ಕಟ್ಟಳೆ ಮುರಿದವನೆಂದು ಊರು ಆಡಿಕೊಂಡೀತೆಂಬ ಹೆದರಿಕೆಯೂ ಇತ್ತು. ಈ ಕಾಗದವನ್ನು ನಿನ್ನ ಮಕ್ಕಳಿಗೆ ಓದಿಸು, ವಕೀಲರಿಗೆ ಕೊಡು. ಎಲ್ಲಿ ಕರೆದರೂ ಬಂದು ಹೇಳುತ್ತೇನೆ. ಮಲ್ಲೇಶನಿಗೂ ತಿಳಿಸಿದ್ದೇನೆ.

ಅಂದು ಗಮನಿಸಲಿಲ್ಲ ಎಂದೆನಲ್ಲ — ಗಮನಿಸಿದ್ದೆ, ತಿಪ್ಪೇಶ. ಆ ಮೂರು ಗಂಟು ನಿಮ್ಮಪ್ಪನ ತಲೆಯ ಕಡೆ ಬರುವಂತೆ, ಗುಂಡಿಯಲ್ಲಿ ಬಗ್ಗಿ ನಾನೇ ಸರಿಮಾಡಿದ್ದೆ.