ಜೋಳ ಕಡಿಯುವ ಹಲ್ಲು

ದೇವರು ರುಕ್ಮವ್ವನ ಬಾಯಿ ಮಾಡುವಾಗ ಹಲ್ಲು ಸರಿಯಾಗಿ ಎಣಿಸಿದ, ಜಾಗ ಅಳೆಯುವುದನ್ನು ಮರೆತ. ಮೇಲಿನ ನಾಲ್ಕು ಹಲ್ಲು ತುಟಿ ದಾಟಿ ಅಂಗಳಕ್ಕೇ ಬಂದು ನಿಂತಿದ್ದವು. ತುಟಿಗೆ ತುಟಿ ಕೂಡುತ್ತಿರಲಿಲ್ಲ. ಇಂಡಿ ಪಟ್ಟಣದ ಹಳೇ ಊರಿನಲ್ಲಿ ಹುಡುಗರಿಂದ ಹಿಡಿದು ಹಣ್ಣು ಮುದುಕರ ತನಕ ಅವಳನ್ನು ಗುರುತು ಹೇಳುತ್ತಿದ್ದದ್ದೇ 'ಹಲ್ಲಿನ ರುಕ್ಮವ್ವ' ಎಂದು. ಮೂವತ್ನಾಲ್ಕು ವರ್ಷದ ಹೆಂಗಸು, ಎರಡು ಮಕ್ಕಳ ತಾಯಿ. ನಗು ಬಂದರೆ ಮೊದಲು ಕೈ ಸೆರಗಿಗೆ ಹೋಗುತ್ತಿತ್ತು, ನಗು ಆಮೇಲೆ.

ಆದರೆ ಅದೇ ಬಾಯಲ್ಲಿ, ಬಲಗಡೆ ಕೋರೆಹಲ್ಲಿನ ಹಿಂದೆ, ಮೇಲೊಂದು ಕೆಳಗೊಂದು ಜೋಡಿ ಹಲ್ಲಿದ್ದವು ನೋಡಿ, ಅವುಗಳ ಮುಂದೆ ಊರ ಗೌಡರೂ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಬಿಳಿಜೋಳವನ್ನು ಹಗೇವಿಗೆ ಇಳಿಸುತ್ತಾರೆ. ಹಗೇವೆಂದರೆ ನೆಲದಲ್ಲಿ ಆಳವಾಗಿ ತೋಡಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಜೋಳ ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ಮುಗಿಯಿತು, ಶ್ರಾವಣದ ತನಕ ಒಳಗೇನು ನಡೆದಿದೆಯೆಂದು ದೇವರಿಗೇ ಗೊತ್ತು. ಒಳಹಸಿ ಉಳಿದ ಜೋಳ ಒಂದು ಚೀಲ ಸೇರಿದರೂ ಸಾಕು, ಒಳಗೇ ಕಾವು ಏರಿ ಇಡೀ ಹಗೇವು ಕೊಳೆಯುತ್ತದೆ. ಆ ಒಳಹಸಿ ಕಣ್ಣಿಗೆ ಕಾಣದು, ಕೈಗೆ ಹತ್ತದು. ರುಕ್ಮವ್ವನ ಹಲ್ಲಿಗೆ ತಿಳಿಯುತ್ತಿತ್ತು. ಚೀಲದ ನಡುಮಧ್ಯದಿಂದ ನಾಲ್ಕು ಕಾಳು ತೆಗೆದು ಒಂದೊಂದೇ ಆ ಜೋಡಿಯ ನಡುವೆ ಇಟ್ಟು ಕಡಿಯುತ್ತಿದ್ದಳು. 'ಕಟ್' ಎಂದು ಎರಡು ಹೋಳಾದರೆ ಇಳಿಸಬಹುದು. ಒಡೆಯುವಾಗ ಕೂದಲೆಳೆಯಷ್ಟು ಜಿಗುಟಿದರೂ ಮತ್ತೆರಡು ಬಿಸಿಲು ಬೇಕು. ಆಲಮೇಲದವರು ಕರೆಸುತ್ತಿದ್ದರು, ಒಮ್ಮೆ ಮನಗೂಳಿಯ ತನಕವೂ ಹೋಗಿ ಬಂದಿದ್ದಳು. ಮೊರದ ತುಂಬ ಜೋಳ ಕೊಡುತ್ತಿದ್ದರು, ಕೂರಲು ಕಂಬಳಿ ಹಾಸುತ್ತಿದ್ದರು. ಅವಳು ಹೂಂ ಅಂದ ಹಗೇವು ಕೆಟ್ಟದ್ದು ಒಂದೂ ಇಲ್ಲ.

ಎಪ್ಪತ್ತಾರನೆಯ ಇಸವಿ, ದೀಪಾವಳಿ ಮುಗಿದಿತ್ತು. ಕೆಳಗಿನ ಹಲ್ಲು ಅಂಗುಳಕ್ಕೆ ಚುಚ್ಚಿ ಚುಚ್ಚಿ ಹುಣ್ಣಾಗಿ, ಖಾರ ಮುಟ್ಟಿದರೆ ಕಣ್ಣಲ್ಲಿ ನೀರು ಬರುವಂತಾಯಿತು. ಗಂಡ ಬೀರಣ್ಣ ಅವಳನ್ನು ರೈಲಿನಲ್ಲಿ ಸೋಲಾಪುರಕ್ಕೆ ಕರೆದುಕೊಂಡು ಹೋದ. ಅಲ್ಲೊಬ್ಬಳು ಡಾಕ್ಟರಬಾಯಿ, ಮುಂಬಯಿಯಲ್ಲಿ ಕಲಿತು ಬಂದವಳು, ಹೊಸದಾಗಿ ದವಾಖಾನೆ ತೆರೆದಿದ್ದಳು. ರುಕ್ಮವ್ವನ ಬಾಯಿ ತೆರೆಸಿ, ಸಣ್ಣ ಕನ್ನಡಿ ಇಟ್ಟು ಅತ್ತಿತ್ತ ನೋಡಿದಳು.

"ಹುಣ್ಣಿಗೆ ಔಷಧ ಕೊಡ್ತೇನಿ. ಆದ್ರ ಅದು ಮತ್ತ ಬರ್ತದ" ಅಂದಳು. "ಈ ಹಲ್ಲ ಒಳಗ ತಗೋಬೇಕು. ತಂತಿ ಕಟ್ಟಿ ಎಳದ್ರ ಎರಡು ವರ್ಷದಾಗ ನಿನ್ನ ತುಟಿ ಕೂಡ್ತಾವ ನೋಡು."

ರುಕ್ಮವ್ವನಿಗೆ ತಾನು ಕೇಳಿದ್ದು ನಿಜವೋ ಸುಳ್ಳೋ ತಿಳಿಯಲಿಲ್ಲ. "ಈ ವಯಸ್ಸಿನ್ಯಾಗರಿ ಬಾಯಾರ?"

"ಹುಡುಗೂರಿಗಿಂತ ತಡಾ ಆಗ್ತದ. ಆಗೂದೇ ಇಲ್ಲಂತೇನಿಲ್ಲ. ಸೋಲಾಪುರದಾಗ ಯಾರೂ ಇನ್ನಾ ತಂತಿ ಹಾಕಿಸ್ಕೊಂಡಿಲ್ಲ. ನೀ ಮೊದಲನೇಕಿ ಆದ್ರ ನಾ ಬರೇ ತಂತಿ ಖರ್ಚಿನ್ಯಾಗ ಮಾಡ್ತೇನಿ."

ಎದೆಯೊಳಗೆ ಯಾರೋ ಕಿಟಕಿ ತೆರೆದ ಹಾಗಾಯಿತು ಅವಳಿಗೆ. ಆದರೆ ಡಾಕ್ಟರಬಾಯಿಯ ಮಾತು ಮುಗಿದಿರಲಿಲ್ಲ. ಒಳಗೆ ಜಾಗವಿಲ್ಲ, ಮುಂದಿನ ಹಲ್ಲು ಹಿಂದೆ ಸರಿಯಬೇಕಾದರೆ ನಾಲ್ಕು ಹಲ್ಲು ಕೀಳಲೇಬೇಕು, ಮೇಲೆ ಎರಡು, ಕೆಳಗೆ ಎರಡು ಎಂದಳು. ಯಾವ ಹಲ್ಲೆಂದು ಕೇಳಿದಾಗ ಕಡ್ಡಿಯಿಂದ ಒಂದೊಂದನ್ನೇ ಮುಟ್ಟಿ ತೋರಿಸಿದಳು. ಬಲಗಡೆ ಮುಟ್ಟಿದ ಎರಡೂ ಜೋಳ ಕಡಿಯುವ ಹಲ್ಲುಗಳೇ.

"ಹುಳಕ ಆಗ್ಯಾವೇನ್ರಿ?"

"ಇಲ್ಲ ತಂಗಿ, ಕಲ್ಲಿನಂಗ ಗಟ್ಟಿ ಅದಾವ. ಆದ್ರ ಕೀಳಬೇಕು. ವಿಚಾರ ಮಾಡಿ ಬಾ, ಅವಸರ ಇಲ್ಲ."

 ರೈಲಿನಲ್ಲಿ ಮರಳುವಾಗ ರುಕ್ಮವ್ವನ ನಾಲಗೆಯ ತುದಿ ಆ ಜೋಡಿಯನ್ನು ಬಿಟ್ಟು ಕದಲಲಿಲ್ಲ. ಮದುವೆಯಾಗಿ ಬಂದಾಗ ಅವಳನ್ನು ಕಂಡು ಕಿಸಕ್ಕನೆ ನಕ್ಕ ಓಣಿಯ ಹೆಂಗಸರೇ ಇಂದು ಅಕ್ಕಾ ಅನ್ನುತ್ತಿದ್ದದ್ದು ಅವುಗಳ ದೆಸೆಯಿಂದ. ಕೀಳಿಸಿದರೆ ಮುಖ ಸಿಗುತ್ತದೆ, ಹೆಸರು ಹೋಗುತ್ತದೆ. ಬಿಟ್ಟರೆ ಹೆಸರಿರುತ್ತದೆ, ಸೆರಗೂ ಬಾಯ ಮೇಲೇ ಇರುತ್ತದೆ. ಯಾವ ಜನ್ಮದ ಕರ್ಮವೋ ಎಂದು ಅವಳಿಗೆ ಸಿಟ್ಟೇ ಬಂತು.

ಊರಿಗೆ ಸುದ್ದಿ ಹಬ್ಬಲು ಎಷ್ಟು ಹೊತ್ತು? ಬೀರಣ್ಣ ಚಹಾದಂಗಡಿಯಲ್ಲಿ ಒಂದು ಕಪ್ಪು ಕುಡಿದು ಏಳುವುದರೊಳಗೆ ಹಳೇ ಊರಿಗೆಲ್ಲ ಗೊತ್ತಾಗಿತ್ತು. ಪಕ್ಕದ ಮನೆಯ ಇಮಾಮಬಿ ಗೋಡೆಯಾಚೆಯಿಂದಲೇ, "ಮ್ಯಾಲಿನ ಹಲ್ಲ ಕಿತ್ರ ಕಣ್ಣ ಮಂಜ ಆಗ್ತಾವಂತ ಬೇ ರುಕ್ಮವ್ವ!" ಎಂದು ಹೌಹಾರಿದಳು. ಅತ್ತೆ ಬಾಳಮ್ಮ ಕಡ್ಡಿ ಮುರಿದಂತೆ ಮಾತಾಡುವವಳು. "ಎರಡು ಹಡದ ಮ್ಯಾಲ ಇನ್ನ ಯಾರಿಗೆ ತೋರಸೂದೈತಿ ಮಾರಿ?" ಎಂದು ಒಂದೇ ಮಾತಿನಲ್ಲಿ ಮುಗಿಸಿ ಒಲೆಯ ಕಡೆ ತಿರುಗಿದಳು.

ನಾಲ್ಕು ಹಗೇವಿನ ಧಣಿ ಶ್ರೀಶೈಲಪ್ಪಗೌಡ ಮಾತ್ರ ಮನೆಯ ಕಟ್ಟೆಯ ತನಕ ಬಂದ. "ರುಕ್ಮವ್ವ, ತಿಳಿದು ನಡಿ. ಆ ಹಲ್ಲ ನಿನ್ನೊಬ್ಬಾಕಿವಲ್ಲ, ಊರಿನ್ವು" ಅಂದ.

ಆಕೆಗೆ ಮೈ ಉರಿಯಿತು. "ಹೌದ್ರಿ ಗೌಡ್ರ, ಜ್ವಾಳ ಕಡಿಯುವಾಗ ಊರಿನ್ವು. ಹಲ್ಲ ನೋಡಿ ನಗುವಾಗ ನನ್ನೊಬ್ಬಾಕಿವು. ಛಲೋ ಐತಿ ನ್ಯಾಯ!"

ಗೌಡ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಬಂದ ದಾರಿಗೆ ಹೋದ. ಬಾಳಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು.

ಸಿಟ್ಟು ಇಳಿದ ಮೇಲೆ ರುಕ್ಮವ್ವನಿಗೆ ಅನಿಸಿತು: ಜೋಳ ತಿಳಿಯುವುದು ಹಲ್ಲಿಗೋ, ತನಗೋ? ತನಗೆ ಎಂದಾದರೆ ಬೇರೆ ಹಲ್ಲಿನಿಂದ ಕಡಿದರೂ ತಿಳಿಯಬೇಕು. ಅಂದಿನಿಂದ ಯಾರೂ ಇಲ್ಲದಾಗ ಹಿಂದಿನ ದವಡೆ ಹಲ್ಲಿನಲ್ಲಿ ಕಾಳು ಕಡಿದು ನೋಡತೊಡಗಿದಳು. ಮೊದಮೊದಲು ಏನೂ ತಿಳಿಯಲಿಲ್ಲ. ದವಡೆ ಹಲ್ಲು ಎತ್ತಿನ ಜಾತಿ. ಕೊಟ್ಟದ್ದನ್ನೆಲ್ಲ ನುರಿಸಿ ಹಾಕುತ್ತದೆ. ಸಂಕ್ರಾಂತಿಯ ಹೊತ್ತಿಗೆ ಸ್ವಲ್ಪ ಹದ ಸಿಕ್ಕ ಹಾಗಾಯಿತು. ಕಣ್ಣು ಮುಚ್ಚಿ, ಉಸಿರು ಹಿಡಿದು, ಮೆಲ್ಲಗೆ ಒತ್ತಿದರೆ ಜಿಗುಟು ಗೊತ್ತಾಗುತ್ತಿತ್ತು. ಗೊತ್ತಾಗುತ್ತಿತ್ತೋ, ಗೊತ್ತಾದಂತೆ ಅನಿಸುತ್ತಿತ್ತೋ, ಅದು ಮಾತ್ರ ಪರೀಕ್ಷೆಯಾಗದೆ ತಿಳಿಯುವಂತಿರಲಿಲ್ಲ.

ಸುಗ್ಗಿ ಬಂತು. ಊರವರ ಹಗೇವಿನ ಜೋಳವನ್ನು ಎಂದಿನ ಹಲ್ಲಿನಿಂದಲೇ ಕಡಿದು ನೋಡಿದಳು. ಮಂದಿಯ ಅನ್ನದ ಮೇಲೆ ಪರೀಕ್ಷೆ ಮಾಡುವಷ್ಟು ಕೆಟ್ಟವಳಲ್ಲ ಅವಳು. ತಮ್ಮ ಮನೆಯ ಎಂಟು ಚೀಲ ಕಣದಲ್ಲಿ ನಿಂತಾಗ ಮಾತ್ರ ಆ ಜೋಡಿಯನ್ನು ಮುಟ್ಟಲಿಲ್ಲ. ಬರೀ ದವಡೆಯಿಂದ ಕಡಿದಳು. ಆರು ಚೀಲ ಸರಿ ಅನಿಸಿತು, ಎರಡು ಜಿಗುಟಿದವು. ಅವನ್ನು ಹರವಿಸಿ ಮೂರು ಬಿಸಿಲು ಹೆಚ್ಚಿಗೆ ಕೊಟ್ಟು, ಮತ್ತೆ ಕಡಿದು ನೋಡಿ, ಎಂಟನ್ನೂ ಹಗೇವಿಗೆ ಇಳಿಸಿದಳು. ಹಳೆಯ ಹಲ್ಲಿನಿಂದ ಒಂದೇ ಒಂದು ಕಾಳು ಕಡಿದು ಖಾತ್ರಿ ಮಾಡಿಕೊಳ್ಳಬೇಕೆಂದು ನಾಲಗೆ ಚಡಪಡಿಸಿದರೂ ಮನಸ್ಸು ಗಟ್ಟಿ ಮಾಡಿದಳು. ಕಲ್ಲು ಮುಚ್ಚಿದರು, ಮಣ್ಣು ಮೆತ್ತಿದರು. ಶ್ರಾವಣದಲ್ಲಿ ಜೋಳ ಚೆನ್ನಾಗಿ ಬಂದರೆ ಹಲ್ಲು ಕೀಳಿಸುವುದು, ಕೆಟ್ಟರೆ ಸೋಲಾಪುರದ ದಾರಿ ಮರೆತುಬಿಡುವುದು ಎಂದು ತನ್ನಷ್ಟಕ್ಕೆ ತಾನೇ ಮಾತು ಕೊಟ್ಟುಕೊಂಡಳು. ಯಾರಿಗೂ ಹೇಳಲಿಲ್ಲ.

ಕಲ್ಲು ಮುಚ್ಚಿದ್ದೇ ತಡ, ಅವಳ ನೆಮ್ಮದಿ ಹೋಯಿತು. ವರ್ಷದ ರೊಟ್ಟಿ ನೆಲದಡಿ ಇತ್ತಲ್ಲ! ಮುಂಗಾರಿನ ಮಿರಗದ ಮಳೆ ಹಿಡಿದಾಗಲಂತೂ ದಿನಕ್ಕೆ ಹತ್ತು ಸಲ ಹಗೇವಿನ ಬಾಯ ಹತ್ತಿರ ಹೋಗಿ ಬಗ್ಗಿ ಮಣ್ಣು ಮೂಸುತ್ತಿದ್ದಳು. ಒಂದು ಮಧ್ಯಾಹ್ನ ಬೀರಣ್ಣ ಹಿಂದೆಯೇ ಬಂದು ನಿಂತ.

"ಏನ ಹುಡುಕಾಕತ್ತಿ? ಬಂಗಾರ ಹುಗದೀಯೇನ?"

ಅವಳು ಸೆರಗು ಬಾಯಿಗಿಟ್ಟುಕೊಂಡು ಎಲ್ಲವನ್ನೂ ಹೇಳಿದಳು. ಬೀರಣ್ಣನ ಮುಖ ಬಿಳಿಚಿತು. "ಎಂಟು ಚೀಲ ಜ್ವಾಳದ ಮ್ಯಾಲ ಜೂಜು ಆಡೀಯಲ್ಲ! ಹುಡುಗೂರ ಹೊಟ್ಟಿ ವಿಚಾರ ಬರಲಿಲ್ಲೇನ?"

"ಬಂತ್ರಿ. ಕೆಟ್ಟಿದ್ರ ಕೂಲಿ ಮಾಡಿ ತುಂಬಸ್ತೇನಿ. ಮಂದೀ ಜ್ವಾಳದ ಮ್ಯಾಲ ನೋಡಾಕ ಮನಸ್ಸಾಗಲಿಲ್ಲ. ನಮ್ದ ಬಿಟ್ರ ನನಗ ಬ್ಯಾರೆ ಯಾವುದೈತಿ ಹೇಳ್ರಿ?"

ಅವನು ಮಳೆಯತ್ತ ನೋಡಿದ. ಈಗಲೇ ತೆಗೆದು ನೋಡೋಣವೆಂದರೆ ಮಳೆಗಾಲದಲ್ಲಿ ಹಗೇವಿನ ಬಾಯಿ ತೆರೆದರೆ ಚೆನ್ನಾಗಿದ್ದದ್ದೂ ಕೆಡುತ್ತದೆ. "ಅವ್ವನ ಮುಂದ ಉಸುರಬ್ಯಾಡ. ಸುಟ್ಟು ಹಾಕ್ತಾಳ" ಎಂದಷ್ಟೇ ಹೇಳಿದ. ಆ ದಿನದಿಂದ ಮಣ್ಣು ಮೂಸುವವರು ಇಬ್ಬರಾದರು.

ನಾಗರ ಪಂಚಮಿಗೆ ನಾಲ್ಕು ದಿನ ಮುಂಚೆ ಮಳೆ ಬಿಡುವು ಕೊಟ್ಟಿತು. ಹಗೇವು ತೆಗೆಯುವುದೆಂದಾಯಿತು. ಬೆಳಿಗ್ಗೆ ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಮಧ್ಯಾಹ್ನದ ತನಕ ಬಿಟ್ಟರು. ಕಂದೀಲು ಇಳಿಬಿಟ್ಟು ನೋಡಿದರು, ಆರಲಿಲ್ಲ. ಬೀರಣ್ಣ ಹಗ್ಗ ಹಿಡಿದು ಇಳಿದ. ಬಾಳಮ್ಮ ಹಗೇವಿನ ಬಾಯ ಬದಿಗೇ ಕುಕ್ಕರಗಾಲಲ್ಲಿ ಕೂತಿದ್ದಳು. ಮೊದಲ ಬುಟ್ಟಿ ಮೇಲೆ ಬಂತು. ಹಳದಿಗಟ್ಟಿದ, ಬೂಸು ಹಿಡಿದ ಹೆಂಟೆ ಹೆಂಟೆ ಜೋಳ.

ರುಕ್ಮವ್ವ ಒಂದು ಹೆಂಟೆ ಎತ್ತಿ ಮೂಸಿದಳು. ಮಕ್ಕಳ ಮುಖ ಕಣ್ಣ ಮುಂದೆ ಬಂತು. ಮುಗೀತು ನನ್ನ ಕಥೆ ಅಂದುಕೊಂಡಳು.

"ಬಾಜೂದ್ದು ಅದು, ಗ್ವಾಡೀಗೆ ಹತ್ತಿದ್ದು. ಪ್ರತಿ ವರ್ಷ ಅಷ್ಟು ಹೋಗೂದ" ಎಂದು ಬಾಳಮ್ಮ ಗದರಿದಳು. "ನಡಬರಕಿಂದು ತುಂಬೋ ಬೀರ್ಯಾ!"

ಎರಡನೆಯ ಬುಟ್ಟಿ ಬಂತು. ಬೆಳ್ಳಗೆ, ಬಿಡಿಬಿಡಿಯಾಗಿ, ಮುತ್ತಿನಂಥ ಜೋಳ. ಮೂರನೆಯದೂ ಹಾಗೆಯೇ, ನಾಲ್ಕನೆಯದೂ ಹಾಗೆಯೇ. ರುಕ್ಮವ್ವನ ಕೈ ತಾನಾಗಿಯೇ ಒಂದು ಕಾಳು ತೆಗೆದು ಬಾಯಿಗೆ ಹಾಕಿತು, ನಾಲಗೆ ಅದನ್ನು ರೂಢಿಯ ಜಾಗಕ್ಕೇ ಒಯ್ದಿತು. ಆ ಹಳೆಯ ಜೋಡಿ 'ಕಟ್' ಅಂದಿತು. ನಾವಿಲ್ಲದಿದ್ದರೂ ನಿನಗೆ ನಡೆಯುತ್ತದೆ ಎಂದು ಆ ಹಲ್ಲುಗಳೇ ಸಾಕ್ಷಿ ಹೇಳಿದವು. ರುಕ್ಮವ್ವ ಜೋಳದ ರಾಶಿಯ ಪಕ್ಕ ಕುಸಿದು ಕೂತಳು. ಆರು ತಿಂಗಳು ಎದೆಯ ಮೇಲೆ ಕೂತಿದ್ದ ಆ ಹಗೇವಿನ ಕಲ್ಲು ಈಗ ಸರಿದಿತ್ತು. ಅಳು ಬಂತು, ತಡೆಯಲಿಲ್ಲ.

"ಅತ್ತಿ, ನಿಮ್ಮ ಮುಂದ ಒಂದು ಮಾತು ಹೇಳಬೇಕು" ಅಂದಳು. "ಈ ಜ್ವಾಳ..."

"ದವಡೀಲೆ ಕಡದು ಇಳಿಸೀದಿ. ಗೊತ್ತೈತಿ" ಅಂದಳು ಬಾಳಮ್ಮ, ಬುಟ್ಟಿಯಿಂದ ಕಣ್ಣೆತ್ತದೆ. "ಕಣದಾಗ ನಿನ್ನ ಬಾಜೂಕ ನಿಂತಿದ್ನಿ. ಹದಿನೈದು ವರ್ಷ ನೀ ಜ್ವಾಳ ಕಡಿಯೂದು ನೋಡೇನಿ, ಗಲ್ಲ ಎಲ್ಲಿ ಉಬ್ಬತೈತಿ ಅನ್ನೂದು ನನಗ ತಿಳೀದಂಗ ಇರತೈತೇನ?"

ಹಗೇವಿನ ಒಳಗಿಂದ ಬೀರಣ್ಣನ ತಲೆ ಅರ್ಧ ಹೊರಗೆ ಬಂದು ಅಲ್ಲೇ ನಿಂತಿತು.

"ಮತ್ತ ಸುಮ್ಮಕ ಯಾಕ ಇದ್ರಿ ಅತ್ತಿ? ಕೆಟ್ಟಿದ್ರ?"

"ಕೆಟ್ಟಿದ್ರ ಕೆಡತಿತ್ತು. ಜ್ವಾಳ ಬರೂ ವರ್ಷ ಮತ್ತ ಬೆಳೀತೈತಿ." ಮುದುಕಿ ಒಂದು ಹಿಡಿ ಜೋಳ ಎತ್ತಿ ಅಂಗೈಯಿಂದ ಅಂಗೈಗೆ ಸುರುವಿಕೊಂಡಳು. "ಯಾರಿಗೆ ತೋರಸೂದೈತಿ ಮಾರಿ ಅಂತ ಕೇಳಿದ್ನಲ್ಲ, ಅವತ್ತ ನೀ ಗೌಡನ ಮುಂದ ಆಡಿದ ಮಾತು ಕೇಳಿ ನನಗ ನಾಚಿಕಿ ಬಂತು. ಹದಿನೈದು ವರ್ಷ ಒಂದ ಒಲಿ ಮುಂದ ಕುಂತೇವಿ ರುಕ್ಮೀ. ನೀ ಬಾಯಿ ತುಂಬ ನಕ್ಕದ್ದು ನಾ ಒಂದ ದಿನಾನೂ ನೋಡಿಲ್ಲ. ನಾ ಸಾಯೂದ್ರಾಗ ನನಗ ತೋರಸು."