ಉಲ್ಲೇಖದ ಜಾಗದಲ್ಲಿ ಆರು ಶನಿವಾರ

1981ರಲ್ಲಿ ನಾನು ಚಾಮರಾಜಪೇಟೆಯಲ್ಲಿ ವಕೀಲಿ ಶುರು ಮಾಡಿ ಮೂರು ವರ್ಷವಾಗಿತ್ತು. ಕಚೇರಿಯ ಕೆಳಗೇ ಒಂದು ಟೈಪಿಂಗ್ ಅಂಗಡಿ. ಅಲ್ಲಿನ ಟೈಪಿಸ್ಟ್ ರತ್ನ ನನ್ನ ಅರ್ಜಿಗಳ ತಪ್ಪುಗಳನ್ನು ಸದ್ದಿಲ್ಲದೆ ತಿದ್ದಿ ಕೊಡುತ್ತಿದ್ದಳು. ಅವಳ ತಂದೆ ತರಗುಪೇಟೆಯಲ್ಲಿ ಮೂಟೆ ಹೊರುವ ಹಮಾಲಿ. ರತ್ನ ಸರ್ಕಾರಿ ಬೆರಳಚ್ಚುಗಾರ್ತಿಯ ಕೆಲಸಕ್ಕೆ ಆಯ್ಕೆಯಾಗಿದ್ದಳು. ಅವಳ ನಡತೆಯ ಬಗ್ಗೆ ಪೊಲೀಸ್ ವರದಿ ಹೋಗುವುದಷ್ಟೇ ಬಾಕಿ.

ಒಂದು ಮಧ್ಯಾಹ್ನ ಮೇಲೆ ಬಂದವಳು ಕೇಳಿದಳು: "ಸಾರ್, ಪೊಲೀಸ್ನೋರು ಕೇಳಿದ್ದನ್ನೆಲ್ಲ ತಂದುಕೊಡಲೇಬೇಕು ಅಂತ ಕಾನೂನಿದೆಯಾ?"

ಹಮಾಲರ ಸಂಘ ಮುಷ್ಕರಕ್ಕೆ ಸಿದ್ಧವಾಗುತ್ತಿತ್ತು. ಅವರ ಪತ್ರಗಳನ್ನು ಟೈಪ್ ಮಾಡುತ್ತಿದ್ದವಳು ರತ್ನ. ವರದಿ ಬರೆಯಬೇಕಿದ್ದ ಸಬ್ ಇನ್‌ಸ್ಪೆಕ್ಟರ್ ಅವಳನ್ನು ಪ್ರತಿ ಶನಿವಾರ ಠಾಣೆಗೆ ಕರೆಸುತ್ತಿದ್ದರು. ಸಂಘದ ಪತ್ರದ ನಕಲಿಗೆ ಹೊಸ ಕಾರ್ಬನ್ ಹಾಳೆ ಹಾಕಿ, ಆ ಕಾರ್ಬನ್ ತಂದುಕೊಡಬೇಕಂತೆ. ಒಮ್ಮೆ ಮಾತ್ರ ಬಳಸಿದ ಕಾರ್ಬನ್ನನ್ನು ಬೆಳಕಿಗೆ ಹಿಡಿದರೆ ಪತ್ರವನ್ನು ಪೂರ್ತಿ ಓದಬಹುದು. ಆರು ಶನಿವಾರ ಏನೇನೋ ನೆಪ ಹೇಳಿ ಬಂದಿದ್ದಳು. ಕೊನೆಯ ಸಲ ಅವರು ಹೇಳಿದ್ದು ಇಷ್ಟು: "ನಿನ್ನ ರಿಪೋರ್ಟ್ ನನ್ನ ಟೇಬಲ್ ಮೇಲಿದೆ ಕಣಮ್ಮ. ಬರಿಗೈಲಿ ಬಂದ್ರೆ ಅಲ್ಲೇ ಇರುತ್ತೆ."

ನಿಜ ಹೇಳಬೇಕೆಂದರೆ ಕಾನೂನು ಏನನ್ನುತ್ತದೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಕುತೂಹಲದಿಂದ ದಂಡ ಪ್ರಕ್ರಿಯಾ ಸಂಹಿತೆ ತೆಗೆದೆ. ಕೊಲೆ, ದರೋಡೆಯಂಥ ಕೆಲವು ಅಪರಾಧಗಳು ಗೊತ್ತಾದರೆ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ಆದರೆ ಊರವರ ಪತ್ರಗಳನ್ನು ವಾರವಾರ ಠಾಣೆಗೆ ಹೊರಬೇಕೆಂದು ಎಲ್ಲೂ ಇಲ್ಲ. ಒಂದು ಕೇಸಿನ ತನಿಖೆಗೆ ಸಾಕ್ಷಿಯಾಗಿ ಕರೆಯಲೂ ಲಿಖಿತ ಆದೇಶ ಬೇಕು. ಹೆಂಗಸರನ್ನಂತೂ ಅವರ ಮನೆಯಲ್ಲೇ ವಿಚಾರಿಸಬೇಕು. ಅದು 160ನೇ ಕಲಂ. ರತ್ನ ಪುಸ್ತಕ ಇಸಿದುಕೊಂಡು ಎರಡು ಸಲ ಓದಿದಳು. ಇದು ನನ್ನ ಕಪಾಟಿನಲ್ಲೇ ಇತ್ತಲ್ಲ ಎಂದು ನನಗೆ ನಾಚಿಕೆಯಾಯಿತು.

ನಾಚಿಕೆ ಮುಚ್ಚಿಕೊಳ್ಳಲು, ಕೆಳಗಿಳಿದು ಅವಳ ಯಂತ್ರದ ಪಕ್ಕ ನಿಂತು, ಕಮಿಷನರ್‌ಗೆ ಮೂರು ಪುಟದ ಖಾರವಾದ ದೂರು ಹೇಳಿ ಬರೆಸತೊಡಗಿದೆ. 'ವಿಷಯ' ಟೈಪ್ ಮಾಡಿ ಅವಳು ನಿಲ್ಲಿಸಿದಳು.

"ಉಲ್ಲೇಖದಲ್ಲಿ ಏನ್ ಹಾಕ್ಲಿ ಸಾರ್?"

ಯಾವ ಪತ್ರಕ್ಕೆ ಉತ್ತರ ಬರೆಯುತ್ತೇವೋ ಅದರ ಸಂಖ್ಯೆ, ದಿನಾಂಕ ಹಾಕುವ ಜಾಗ ಅದು. ಅವರು ಏನೂ ಬರೆದೇ ಇಲ್ಲ, ಖಾಲಿ ಬಿಡು ಎಂದೆ. ಕಸುಬು ಕಲಿತ ಕೈ ಅದಕ್ಕೆ ಒಪ್ಪಲಿಲ್ಲ. ನನ್ನ ಹಾಳೆ ಎಳೆದುಹಾಕಿ, ಸಬ್ ಇನ್‌ಸ್ಪೆಕ್ಟರ್ ಹೆಸರಿಗೇ ಹೊಸ ಪತ್ರ ಶುರು ಮಾಡಿದಳು. ಉಲ್ಲೇಖ: ತಮ್ಮ ಮೌಖಿಕ ಆದೇಶಗಳು. ಕೆಳಗೆ ಆರು ಶನಿವಾರಗಳ ದಿನಾಂಕ. ಆಮೇಲೆ ಒಂದೇ ವಾಕ್ಯ: ಸದರಿ ಆದೇಶಗಳನ್ನು ಕಲಂ ಸಮೇತ ಲಿಖಿತವಾಗಿ ನೀಡಬೇಕೆಂದು ಕೋರುತ್ತೇನೆ. ಪ್ರತಿ, ಅವರ ಮೇಲಧಿಕಾರಿಗೆ.

ನನಗೆ ಹೆದರಿಕೆಯಾಯಿತು. ಕೆಲಸವೇ ಹೋಗಬಹುದು ಎಂದೆ.

"ಹೋದ್ರೆ ಹೋಗ್ಲಿ ಸಾರ್. ಅಪ್ಪನ ಸಂಘದ ಕಾಗದ ಕೊಟ್ಟು, ಅವರು ಹೊರೋ ಮೂಟೆ ಮೇಲೆ ನಾನೂ ಹತ್ತಿ ಕೂತ್ಕೊಳ್ಳಲ್ಲ."

ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ಠಾಣೆಯ ಮೊಹರು ಬಿದ್ದ ಸ್ವೀಕೃತಿ ಕಾರ್ಡು ವಾಪಸಾಯಿತು. ಏಳನೆಯ ಶನಿವಾರ ಅವಳು ಠಾಣೆಗೆ ಹೋಗಲಿಲ್ಲ. ನಾನು ಇಲ್ಲದ ಕೆಲಸ ಹುಡುಕಿಕೊಂಡು ನಾಲ್ಕು ಸಲ ಮೆಟ್ಟಿಲಿಳಿದೆ. ಕರೆಯಲು ಯಾರೂ ಬರಲಿಲ್ಲ. ಪತ್ರಕ್ಕೆ ಉತ್ತರವೂ ಬರಲಿಲ್ಲ. ತಿಂಗಳು ಕಳೆದ ಮೇಲೆ ತಕರಾರಿಲ್ಲದ ವರದಿ ಹೋಯಿತು.

ಹಕ್ಕು ಪುಸ್ತಕದಲ್ಲಿದ್ದರೆ ಸಾಲದು, ಬಂದ ಪತ್ರಗಳನ್ನು ದಾಖಲಿಸುವ ಎದುರಿನವರ ಆವಕ ರಿಜಿಸ್ಟರಿನಲ್ಲೂ ಏರಬೇಕು ಎಂದು ನಾನು ಕಲಿತದ್ದು ಆಗ. ಠಾಣೆಗೆ ಕರೀತಿದಾರೆ ಎಂದು ಯಾರೇ ಬಂದರೂ, ನಿವೃತ್ತನಾಗುವವರೆಗೆ ನನ್ನ ಮೊದಲ ಪ್ರಶ್ನೆ, ಬರವಣಿಗೆಯಲ್ಲಿ ಏನಿದೆ ಎಂಬುದೇ ಆಗಿತ್ತು.

ನೇಮಕಾತಿ ಆದೇಶ ಬಂದ ದಿನ ರತ್ನ ನನ್ನ ಮೇಜಿನ ಮೇಲೆ ಒಂದು ಕಾರ್ಬನ್ ಹಾಳೆ ಇಟ್ಟಳು. "ಆ ಪತ್ರಕ್ಕೆ ಹೊಸದೇ ಹಾಕಿದ್ದೆ ಸಾರ್," ಎಂದಳು. ಕಿಟಕಿಯ ಬೆಳಕಿಗೆ ಹಿಡಿದೆ. ಆರು ಶನಿವಾರವೂ ಸ್ಪಷ್ಟವಾಗಿ ಕಾಣುತ್ತಿದ್ದವು.