ಒಂದೇ ಹಗ್ಗದ ತೊಟ್ಟಿಲು

ಖಾನಾಪುರದ ನನ್ನ ಕ್ಲಿನಿಕ್ಕಿಗೆ ಪಾರಿಶ್ವಾಡದಿಂದ ಬರುತ್ತಾರೆ, ಕಾಡಂಚಿನ ಹಳ್ಳಿಗಳಿಂದ ಬರುತ್ತಾರೆ. ಕಾಯಿಲೆ ಸ್ವಲ್ಪ ಜೋರಾದರೆ ನಾನೇ ಅವರನ್ನು ಬೆಳಗಾವಿಗೆ ಸಾಗಹಾಕುತ್ತೇನೆ. ಬೆಳಗಾವಿಯಿಂದ ಬಸ್ಸು ಹತ್ತಿ ನನ್ನನ್ನು ಹುಡುಕಿಕೊಂಡು ಬಂದವರು ಮಾತ್ರ ಒಬ್ಬರೇ. ಅಲ್ಲಿಯ ಶಹಾಪುರದಲ್ಲಿ ಮಗ್ಗದ ಕೆಲಸ ಮಾಡುವ ಹೆಂಗಸು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಅಷ್ಟೊಂದು ದೊಡ್ಡ ಡಾಕ್ಟರುಗಳನ್ನು ಬಿಟ್ಟು ಇಲ್ಲಿಗೇಕೆ ಬಂದಿರಿ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ.

"ಇಲ್ಲೆ ನನ್ನ ಗುರುತಿನವ್ರು ಯಾರೂ ಇಲ್ಲ ನೋಡ್ರಿ, ಡಾಕ್ಟರ ಬಾಯಾರ," ಎಂದರು.

ಕಿರುಬೆರಳಿಗೆ ನೂಲು ತಾಗಿದ್ದೇ ಗೊತ್ತಾಗುತ್ತಿರಲಿಲ್ಲವಂತೆ. ಮುಂಗೈಯ ಒಳಬದಿಯಲ್ಲಿ ಮಾಸಲು ಮಚ್ಚೆಯೊಂದಿತ್ತು. ಹತ್ತಿಯ ಎಳೆಯಿಂದ ಸವರಿದರೆ ಅಲ್ಲಿ ಸ್ಪರ್ಶವೇ ಇಲ್ಲ. ಮೊಣಕೈ ಹಿಂದಿನ ನರ ಹುರಿಯ ಹಾಗೆ ದಪ್ಪಗಾಗಿತ್ತು. ಕುಷ್ಠ. ಆರು ತಿಂಗಳು ತಪ್ಪದೆ ಗುಳಿಗೆ ನುಂಗಿದರೆ ವಾಸಿಯಾಗುತ್ತದೆ, ನಡುವೆ ಬಿಟ್ಟರೆ ಬೆರಳು ಮಡಚಿಕೊಂಡು ಮಗ್ಗದ ಕೆಲಸ ಅಲ್ಲಿಗೇ ಮುಗಿಯುತ್ತದೆ ಎಂದು ನೇರವಾಗಿ ಹೇಳಿದೆ.

"ನುಂಗ್ತೀನ್ರೀ. ಆದ್ರ ಓಣಿಯಾಗ ಯಾರಿಗೂ ಗೊತ್ತಾಗಬಾರದು."

ಮುಂದೆ ಹೋಲಿಸಿ ನೋಡಲು ಬೇಕೆಂದು ಕೈಯ ಫೋಟೋ ತೆಗೆದುಕೊಂಡೆ. ಯಾರಿಗೆ ತೋರಿಸುತ್ತೀರಿ ಎಂದು ಕೇಳಿದರು. ನನಗಷ್ಟೇ ಎಂದೆ. ಅವತ್ತಿನ ಮಟ್ಟಿಗೆ ಅದು ನಿಜವೇ ಆಗಿತ್ತು.

ಪ್ರತಿ ತಿಂಗಳ ಮೊದಲ ಗುಳಿಗೆಯನ್ನು ನನ್ನ ಎದುರಿಗೇ ನುಂಗಬೇಕು. ಗುಳಿಗೆಗಳನ್ನು ಸರ್ಕಾರಿ ಆಸ್ಪತ್ರೆಯಿಂದ ನಾನೇ ತರಿಸಿಡುತ್ತಿದ್ದೆ. ಮರಳಿ ಹೋಗುವ ಬಸ್ಸಿಗೆ ಸಮಯವಿರುತ್ತಿದ್ದರಿಂದ ಅವರು ಕೂರುತ್ತಿದ್ದರು, ನಾನು ಚಹಾ ಮಾಡುತ್ತಿದ್ದೆ. ಮಚ್ಚೆಯ ಪಕ್ಕದಲ್ಲೇ ಒಂದು ಹಳೆಯ ಹಚ್ಚೆಯಿತ್ತು: ತೊಟ್ಟಿಲು, ಅದಕ್ಕೆ ಒಂದೇ ಕಡೆ ಹಗ್ಗ. ಚಿಕ್ಕವರಿದ್ದಾಗ ಸೂಜಿಯ ಉರಿ ತಾಳದೆ ಕೈ ಕಿತ್ತುಕೊಂಡು ಓಡಿದ್ದರಂತೆ. "ಇನ್ನೊಂದು ಹಗ್ಗ ಯಾವಾಗ ಕಟ್ಟಸ್ತಿ ಅಂತ ಓಣಿಯವ್ರು ಇವತ್ತಿಗೂ ಕಾಡ್ತಾರ್ರೀ," ಎಂದು ನಕ್ಕರು. ನಾನೂ ನಕ್ಕೆ. ನಾನು ತುಮಕೂರಿನ ಕಡೆಯವಳು, ಒಂಟಿ. ಈ ಊರಲ್ಲಿ ಹದಿನೆಂಟು ವರ್ಷವಾದರೂ ನನ್ನ ಮರಾಠಿ ಜ್ವರ, ಭೇದಿಯಿಂದ ಮುಂದೆ ಹೋಗಿಲ್ಲ. ಕನ್ನಡದವರೂ ಚೀಟಿ ಬರೆಯುವ ತನಕ ಮಾತ್ರ ಮಾತಾಡುತ್ತಾರೆ. ತಿಂಗಳಿಗೊಮ್ಮೆ ಬರುವ ಆ ಒಂದು ತಾಸಿಗಾಗಿ ನಾನು ಕಾಯುತ್ತಿದ್ದೆ ಎಂದು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಉಳಿದ ದಿನಗಳಿಗೆ ಮೊಬೈಲು. ಜೊತೆಯಲ್ಲಿ ಓದಿದ ಡಾಕ್ಟರುಗಳದ್ದೊಂದು ಗ್ರೂಪ್ ಇದೆ. ಮಕ್ಕಳ ಮದುವೆ, ಹೊಸ ಆಸ್ಪತ್ರೆಯ ಪೂಜೆ, ವಿದೇಶ ಪ್ರವಾಸ ಅಲ್ಲಿ ಮೆರೆಯುತ್ತವೆ. ನನ್ನ ಬಳಿ ಅಂಥ ಸರಕಿಲ್ಲ. ಹಬ್ಬದ ಶುಭಾಶಯ ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ. ಅಪರೂಪದ ಕೇಸು ಹಾಕಿದರೆ ಮಾತ್ರ ಎಲ್ಲರಿಗೂ ನನ್ನ ನೆನಪಾಗುತ್ತದೆ. ನಾಲ್ಕನೆಯ ತಿಂಗಳು, ರೋಗಿಗಳಿಲ್ಲದ ಒಂದು ಭಾನುವಾರ ಮಧ್ಯಾಹ್ನ, ಆ ಕೈಯ ಫೋಟೋ ಹಾಕಿಬಿಟ್ಟೆ. ಹೆಸರಿಲ್ಲ, ಊರಿಲ್ಲ, ಮುಖವಿಲ್ಲ. ನನ್ನ ಜಾಗರೂಕತೆಗೆ ನಾನೇ ಬೆನ್ನು ತಟ್ಟಿಕೊಂಡೆ. ಚಪ್ಪಾಳೆಗಳು ಬಂದವು. ನರ ಮುಟ್ಟಿ ನೋಡುವವರು ಈಗ ಯಾರಿದ್ದಾರೆ ಎಂದು ಒಬ್ಬರು ಬರೆದರು. ಸಂಜೆಯವರೆಗೆ ಅದನ್ನೇ ತೆಗೆದು ತೆಗೆದು ಓದಿದೆ.

ಬೆಳಗಾವಿಯಲ್ಲಿ ಚರ್ಮದ ಡಾಕ್ಟರಾಗಿರುವ ಸಹಪಾಠಿಯೊಬ್ಬ ಆ ಫೋಟೋವನ್ನು ತನ್ನ ರೀಲಿನಲ್ಲಿ ಬಳಸಿದ. ಇಂಥ ಮಚ್ಚೆಯನ್ನು ಅಸಡ್ಡೆ ಮಾಡಬೇಡಿ ಎಂದು ಜನರಿಗೆ ತಿಳಿಹೇಳುವ ಒಳ್ಳೆಯ ರೀಲು ಅದು. ನನ್ನನ್ನು ಕೇಳಿರಲಿಲ್ಲ. ಕಂಡಾಗ ನಾನೂ ಬೇಡವೆನ್ನಲಿಲ್ಲ, ಮೆಚ್ಚುಗೆಯ ಗುರುತು ಒತ್ತಿದೆ.

ಐದನೆಯ ತಿಂಗಳು ಅವರು ಬಂದರು, ಆದರೆ ಕೂರಲಿಲ್ಲ.

"ಬಾಜು ಮನಿಯಾಕಿ ಮೊಬೈಲ್ ಹಿಡ್ಕೊಂಡು ಬಂದಿದ್ಲರೀ. ಇದು ನಿಮ್ಮ ತೊಟ್ಟಿಲ ಅಲ್ಲೇನ್ರೀ ಅಂತ ಕೇಳಿದ್ಲು."

ಮಗ್ಗದ ಮನೆಯಲ್ಲಿ ಕುಡಿಯುವ ನೀರಿನ ಕೊಡವನ್ನು ಈಗ ಅವರಿಂದ ದೂರ ಸರಿಸಿದ್ದಾರಂತೆ. ಗುಳಿಗೆ ಶುರುವಾದ ಮೇಲೆ ಈ ರೋಗ ಅಂಟುವುದಿಲ್ಲ ಎಂದೆ. ಮುಖ ಎಲ್ಲೂ ತೋರಿಸಿಲ್ಲ ಎಂದೆ. ಅವರ ಎದುರಿಗೇ ಸಹಪಾಠಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ತಪ್ಪು ನನ್ನದಾಗಿದ್ದಾಗ ನನ್ನ ದನಿ ಇನ್ನಷ್ಟು ಏರುತ್ತದೆ. ಅವನು ಕೂಡಲೇ ರೀಲು ಅಳಿಸಿದ. ಅಳಿಸಿದ್ದನ್ನು ಅವರಿಗೆ ತೋರಿಸಿದೆ.

"ಆತು ಬಿಡ್ರಿ," ಎಂದರು. "ಮುಂದಿನ ತಿಂಗಳದ್ದು ನಮ್ಮ ಮನಿ ಹತ್ತರದ ದವಾಖಾನಿಯಾಗ ತಗೋತೀನಿ. ಇನ್ನ ಯಾರಿಂದ ಮುಚ್ಚಿಡೂದೈತಿ?"

ತಪ್ಪಾಯಿತು ಎಂದೆ. ಆ ಮಾತು ಅಷ್ಟು ಹೊತ್ತು ನನ್ನ ಬಾಯಿಗೆ ಬಂದಿರಲಿಲ್ಲ. ಅವರು ನನ್ನನ್ನು ದಿಟ್ಟಿಸಿ ನೋಡಿದರು, ಸಿಟ್ಟಿರಲಿಲ್ಲ.

"ಮೊದಲನೇ ದಿನಾನ ನೋಡಿದ್ನಿರೀ, ನಿಮಗ ಇಲ್ಲೆ ಯಾರೂ ಇಲ್ಲ. ಯಾರೂ ಇಲ್ಲದಾಕಿ ಯಾರ ಮುಂದ ಹೇಳ್ತಾಳ ಅಂದ್ಕೊಂಡಿದ್ದೆ."

ನಾನು ನೀರು ಕೊಟ್ಟೆ. ಅವರು ಗುಳಿಗೆ ನುಂಗಿದರು. ಆಮೇಲೆ ಲೋಟವನ್ನು ನನ್ನ ಕೈಗೆ ಕೊಡದೆ ನಲ್ಲಿಯ ಬಳಿ ಹೋಗಿ, ತಾವೇ ಎರಡು ಸಲ ತೊಳೆದು, ಬೋರಲು ಹಾಕಿ ಹೋದರು.